ಸಾತಪ್ಪನ ಟಾಕಿ

ಗಡಹಿಂಗ್ಲಜ ಹತ್ತಿರದ ತೋಟದಿಂದ
೨೨ ಮಾರ್ಚ್ ೨೦೨೫

ನಮ್ಮ ಮನೆಯ ಮಗಳು, ಇಚಲಕರಂಜಿಯ ಸೊಸೆ ಚಿ. ಸೌ. ಮೃಣಾಲಳಿಗೆ, ಏಳನೆಯ ಇಯತ್ತೆ ಓದಿಯೂ ಪದವೀಧರರಿಗೆ ಒಕ್ಕಲುತನ ಕಲಿಸುವ ನಿನ್ನ ಜಿನಗೊಂಡ ಕಾಕಾನ ಜಯ ಜಿನೇಂದ್ರ.

ನಾವು ಆರಾಮ. ಕಬ್ಬು ಮೊಣಕಾಲುಮಟ್ಟ ಬಂದಿದೆ. ನಿನ್ನ ಮಾತು ಕೇಳಿ ಹನ್ನೊಂದು ಮನೆಯವರು ಅರವತ್ತು ಎಕರೆಗೆ ಯೂರಿಯಾದಂಥ ಸರಕಾರಿ ಗೊಬ್ಬರ ಬಿಟ್ಟು ಎರಡು ವರ್ಷ ದಾಟಿತು. ಈ ಸಲ ಸಾವಯವದ ಪ್ರಮಾಣಪತ್ರ ಬರಬೇಕು. ಗುಂಪಿನ ಕಾಗದದ ಮೇಲೆ ಹೊಣೆಗೆ ನಿನ್ನ ಸಹಿ ಇದೆ, ಅದು ನನಗೆ ನೆನಪಿದೆ.

ಎಕರೆಗೆ ಒಂದು ಬ್ಯಾರಲ್ ಜೀವಾಮೃತ ಬೇಕು. ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಕದಡಿ ಒಂದು ಬ್ಯಾರಲ್ ಮಾಡುವುದು ಹೆಂಗಸರ ಆಟ, ಅರವತ್ತು ಮಾಡುವುದು ಗಂಡಸಿನ ಕೆಲಸ ಎಂದು ನಿನ್ನ ಮಂಗಲ ಕಾಕೂ ಎದುರಿಗೆ ಅಂದೆ. ಎರಡು ದಿನ ಚಹಾ ಸಿಗಲಿಲ್ಲ. ಆದರೂ ಮಾಡಿದೆ. ಅದರ ವಾಸನೆ ಬಸ್ ಸ್ಟ್ಯಾಂಡಿನವರೆಗೂ ಹೋಯಿತಂತೆ. ಆದರೆ ಅಷ್ಟನ್ನು ಕೊಡದಲ್ಲಿ ಹೊತ್ತು ಹಾಕಲು ಆಳು ಎಲ್ಲಿ? ಪಕ್ಕದ ಹೊಲದ ಸಾತಪ್ಪನ ಟ್ರ್ಯಾಕ್ಟರಿಗೆ ಔಷಧ ಹೊಡೆಯುವ ಟಾಕಿ ಇದೆಯಲ್ಲ, ಅದನ್ನೇ ತಂದೆ. ದೊಡ್ಡಸ್ತಿಕೆಗೆ ಮೊದಲ ಸರದಿ ನನ್ನ ಐದೆಕರೆಗೆ. ಪುಣ್ಯಕ್ಕೆ ಆ ದಿನ ಅಷ್ಟೇ ಮುಗಿಯಿತು.

ನಾಲ್ಕು ದಿನಕ್ಕೆ ಕಬ್ಬಿನ ಸಾಲಿನ ನಡುವಿನ ಅಲಸಂದಿ ಎಲೆ ಮುದುಡಿತು. ಫೋನಿನಲ್ಲಿ ನಿನಗೆ ಬಿಸಿಲಿನ ಝಳ ಎಂದೆ. ಬಿಸಿಲಲ್ಲ ಮಗಳೇ, ಟಾಕಿಯಲ್ಲಿ ಕಳೆನಾಶಕ ಉಳಿದಿತ್ತು. ಸಾತಪ್ಪ ತೊಳೆಯದೆ ಕೊಟ್ಟಿದ್ದ. ಶಾಲೆಯಲ್ಲಿ ‘ನನ್ನ ಕಾಕಾ ಎಲ್ಲರಿಗಿಂತ ದೊಡ್ಡ ಒಕ್ಕಲಿಗ’ ಎಂದು ನಿಬಂಧ ಬರೆದವಳು ನೀನು. ನಿನ್ನ ಕಿವಿಗೆ ಇದನ್ನು ಹೇಗೆ ಹೇಳಲಿ?

ಹೇಳಿದರೆ ನನ್ನ ಐದೆಕರೆ ಮತ್ತೆ ಮೊದಲ ವರ್ಷದಿಂದ ಎಣಿಸಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಹನ್ನೊಂದು ಮನೆಯ ಕಾಗದವೂ ರದ್ದು. ನಿನ್ನೆ ತಪಾಸಣೆಯ ಸಾಹೇಬರು ಬಂದರು. ನಾನು ಹುಲಿಯ ಹಾಗೆ ನೆಟ್ಟಗೆ ಆ ಹೊಲಕ್ಕೇ ಕರೆದೊಯ್ದು, ಮುದುಡಿದ ಎಲೆ ಎತ್ತಿ ತೋರಿಸಿದೆ. ಇಂಥ ರೈತನನ್ನು ನೋಡಿಲ್ಲ ಎಂದರು. ನನ್ನ ಐದೆಕರೆ ಹೋಯಿತು, ಐವತ್ತೈದು ಉಳಿಯಿತು. ನಿನ್ನ ಸಹಿಗೆ ಕಲೆ ಹತ್ತಲಿಲ್ಲ. ಇನ್ನು ಮೂರು ವರ್ಷ, ಸಾವಯವದ ಕಬ್ಬಿಗೆ ಬೆರೆಯದಂತೆ, ಗಾಣದಲ್ಲಿ ನನ್ನ ಕಬ್ಬು ಎಲ್ಲರದೂ ಮುಗಿದ ಮೇಲೆ. ಇರಲಿ.

ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಸಿಟ್ಟು ಬಂದರೆ ಊರಿಗೇ ಬಂದು ಬೈದು ಹೋಗು, ಹೋಳಿಗೆ ಮಾಡಿಸುತ್ತೇನೆ.

ನಿನ್ನ ಕಾಕಾ,
ಜಿನಗೊಂಡ

ತಾ.ಕ.: ಈ ಪತ್ರವನ್ನು ನಿನ್ನ ಕಾಕೂಗೆ ಓದಿ ಹೇಳಿದೆ. ಉಳಿದದ್ದನ್ನೂ ಬರೆಯದಿದ್ದರೆ ಲಕೋಟೆ ಕೊಡುವುದಿಲ್ಲ ಎಂದು ಹಟ ಹಿಡಿದು ಕುಳಿತಿದ್ದಾಳೆ. ಟಾಕಿಯನ್ನು ಸೋಪು ಹಾಕಿ ತೊಳೆಯಿರಿ ಎಂದು ಸಾತಪ್ಪ ಎರಡು ಸಲ ಹೇಳಿದ್ದ. ನಾನು ಒಂದು ಬಕೀಟು ನೀರು ಹೊಯ್ದು ಕೈ ಒರೆಸಿಕೊಂಡಿದ್ದೆ. ಸಾಹೇಬರನ್ನು ಕಬ್ಬಿನ ಹಾಲು ಕುಡಿಸುವ ನೆಪದಲ್ಲಿ ಬಾವಿಯ ದಾರಿಗೆ ತಿರುಗಿಸುತ್ತಿದ್ದೆ. ಇವಳು ಬದುವಿನ ಮೇಲೆ ಅಡ್ಡ ನಿಂತು, “ಸಾಹೇಬ್ರ, ಮೊದಲ ಈ ಹೊಲ ನೋಡ್ರಿ. ಇವರಿಗೆ ಹೇಳಾಕ ನಾಚಿಕಿ ಬರಾಕತ್ತೇತಿ” ಅಂದಳು. ಎಲೆ ಎತ್ತಿ ತೋರಿಸಿದ್ದು ಮಾತ್ರ ನಾನೇ. ಎತ್ತುವ ಮೊದಲು ಎರಡು ಸಲ ಇವಳ ಮುಖ ನೋಡಿದೆ ಎಂದೂ ಬರೆ ಅನ್ನುತ್ತಿದ್ದಾಳೆ. ಅದನ್ನು ನಾನು ಬರೆಯುವುದಿಲ್ಲ.