ನಾವು ಸ್ಯಾಲಿಯವರು

ಥಾರ್ನ್‌ಶಾ, ಹ್ಯಾಲಿಫ್ಯಾಕ್ಸ್ ಹತ್ತಿರ
೧೨ ಸೆಪ್ಟೆಂಬರ್ ೨೦೦೪, ಭಾನುವಾರ

ಪ್ರೀತಿಯ ಮಗಳು ಲಿನೆಟ್‌ಗೆ,

ನೀನು, ಮಾಲ್ಕಮ್, ಮಕ್ಕಳು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಜುಲೈನಲ್ಲಿ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೊಳ್ಳಬೇಡ. ನನ್ನ ಬಲಗೈ ಕಿರುಬೆರಳು ಮುರಿದು ಪಟ್ಟಿ ಹಾಕಿದ್ದರು. ಕ್ರಿಕೆಟ್ ಚೆಂಡು ಬಿದ್ದು ಮುರಿಯಿತು ಎಂದರೆ ನಗುತ್ತೀಯ. ನಗು, ಪರವಾಗಿಲ್ಲ, ಆದರೆ ಪೂರ್ತಿ ಓದಿ ಆಮೇಲೆ ನಗು. ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದ್ದರೆ ಆ ಬೆರಳಿನ ಲೆಕ್ಕಕ್ಕೆ ಬರೆದುಕೋ.

ಮೊದಲು ನಿನ್ನ ಸೋದರಮಾವನ ಸುದ್ದಿ ಹೇಳುತ್ತೇನೆ. ಈ ಬೇಸಿಗೆಯಲ್ಲಿ ಕ್ಲಿಫರ್ಡ್ ಫೋನ್ ಎತ್ತಿದರೆ ಬರೀ "ಹಲೋ" ಅನ್ನುತ್ತಿದ್ದ. ನಿನಗೆ ಗೊತ್ತಲ್ಲ, ಮನೆಗೆ ಫೋನ್ ಬಂದ ದಿನದಿಂದ ಅವನು "ಅಕ್ರಾಯ್ಡ್ ಮಾತಾಡ್ತಿರೋದು" ಎಂದು ಊರಿಗೆಲ್ಲ ಕೇಳಿಸುವಂತೆ ಹೇಳಿದವನು. ಈ ಊರಿನಲ್ಲಿ ಕಲ್ಲೆಸೆದರೆ ಯಾವುದಾದರೊಬ್ಬ ಅಕ್ರಾಯ್ಡ್ ತಲೆಗೇ ಬೀಳುತ್ತದೆ, ಅದೇನು ದೊಡ್ಡ ಹೆಸರು ಎಂದು ನಾನು ಕಾಡುತ್ತಿದ್ದೆ. ಅವನಿಗೆ ಅದು ದೊಡ್ಡದೇ. ಮಕ್ಕಳಿಲ್ಲ, ಹೆಂಡತಿ ಮ್ಯೂರಿಯಲ್ ತೀರಿಕೊಂಡಳು, ಕೆಲಸ ಮಾಡುತ್ತಿದ್ದ ಗಿರಣಿ ಮುಚ್ಚಿತು. ಉಳಿದದ್ದು ಹೆಸರು, ಆಗಸ್ಟ್ ತಿಂಗಳ ಕ್ರಿಕೆಟ್ ಪಂದ್ಯ, ತಲೆಯ ಮೇಲಿನ ನಾಯಕನ ಟೋಪಿ.

ಇದೆಲ್ಲಕ್ಕೂ ಕಾರಣ ಡೆಸ್ಮಂಡ್ ಅಕ್ರಾಯ್ಡ್. ಹ್ಯಾರೋಗೇಟಿನಲ್ಲಿ ಹಲ್ಲಿನ ಡಾಕ್ಟರಾಗಿದ್ದ. ನಿವೃತ್ತನಾಗಿ ಊರಿಗೆ ಬಂದು, ಕೈಗೆ ಕೆಲಸವಿಲ್ಲದೆ ಅಕ್ರಾಯ್ಡರ ಕೂಟ ಕಟ್ಟಿದ. ಕೆಟ್ಟವನಲ್ಲ. ಮೊದಲ ಸಭೆಯಲ್ಲಿ ಅವನು ಮಾತಾಡಿದ್ದು ನನಗೂ ಹಿಡಿಸಿತು. ನಮ್ಮ ಕಡೆಯ ಹಳೇ ಬಾಯಲ್ಲಿ ಓಕ್ ಮರಕ್ಕೆ ಏಕ್ ಎನ್ನುತ್ತಿದ್ದರಂತೆ, ಕಾಡು ಕಡಿದು ಬಯಲು ಮಾಡಿದ ಜಾಗಕ್ಕೆ ರಾಯ್ಡ್ ಎನ್ನುತ್ತಿದ್ದರಂತೆ. ನೂರಾರು ವರ್ಷಗಳ ಕೆಳಗೆ ಓಕ್ ಕಡಿದ ಬಯಲಿನಲ್ಲಿ ಯಾರೋ ಮನೆ ಕಟ್ಟಿಕೊಂಡರು, ಜಾಗದ ಹೆಸರು ಮನುಷ್ಯರಿಗೆ ಅಂಟಿತು. ಇವತ್ತು ಕೆನಡಾದಲ್ಲಿ ಅಕ್ರಾಯ್ಡರಿದ್ದಾರೆ, ನಿಮ್ಮ ಆಸ್ಟ್ರೇಲಿಯಾದಲ್ಲೂ ಇದ್ದಾರೆ, ಆದರೆ ಈಗಲೂ ದಂಡಿಯಾಗಿರುವುದು ಈ ಯಾರ್ಕ್‌ಷೈರಿನ ಪಶ್ಚಿಮದ ಮೂಲೆಯಲ್ಲೇ ಎಂದ. ಗುಡ್ಡದ ಮೇಲೆ ಒಂದು ಕಲ್ಲು ನಿಲ್ಲಿಸಿ, ಅದರ ಮೇಲೆ ಊರಿನ ಎಲ್ಲ ಅಕ್ರಾಯ್ಡ್ ಮನೆತನಗಳ ಸಾಲು ಕೆತ್ತಿಸೋಣ ಎಂದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಕ್ಲಿಫರ್ಡ್.

ಕಲ್ಲಿಗೆ ಮುಂಚೆ ರಕ್ತಸಂಬಂಧದ ಪರೀಕ್ಷೆ ಎಂದರು. ಅಪ್ಪನಿಂದ ಮಗನಿಗೆ ಮಾತ್ರ ಇಳಿಯುವ ಗುರುತನ್ನು ಅದು ನೋಡುವುದಂತೆ, ಅದಕ್ಕೆ ಮನೆಗೊಬ್ಬ ಗಂಡಸು ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಆಡಿಸಿ ಕೊಡಬೇಕು. ಕ್ಲಿಫರ್ಡ್ ಹಲ್ಲುಜ್ಜಿ, ಟೈ ಕಟ್ಟಿಕೊಂಡು ಹೋಗಿ ಕೊಟ್ಟು ಬಂದ. ಮೇ ತಿಂಗಳಲ್ಲಿ ಫಲಿತಾಂಶ ಬಂತು. ಊರಿನ ಹೆಚ್ಚಿನ ಮನೆಗಳು ಒಂದಕ್ಕೊಂದು ತಾಳೆಯಾದವು. ನಮ್ಮದು ಯಾರ ಜೊತೆಗೂ ತಾಳೆಯಾಗಲಿಲ್ಲ. ಡೆಸ್ಮಂಡ್ ಮನೆಗೇ ಬಂದು, ಮೆತ್ತಗೆ, ಹಲ್ಲು ಕೀಳುವ ಮುಂಚೆ ಮಾತಾಡುವವರ ಹಾಗೆ ಹೇಳಿದ: ಕಲ್ಲಿನ ಮೇಲೆ ನಿಮ್ಮ ಸಾಲು ಬರುವುದಿಲ್ಲ. ಈ ವರ್ಷದಿಂದ ಪಂದ್ಯದ ತಂಡವನ್ನೂ ತಾಳೆಯಾದ ಮನೆಗಳಿಂದಲೇ ಆರಿಸಬೇಕೆಂದು ಕೆಲವರು ಕೇಳುತ್ತಿದ್ದಾರೆ.

ಅವನು ಹೋದ ಮೇಲೆ ಕ್ಲಿಫರ್ಡ್ ಬಾಗಿಲು ಹಾಕಿ ಬಂದ. ಆಮೇಲೆ ಕೇಳಿದ, "ಹಂಗಾದ್ರೆ ನಾನ್ಯಾರು ಹಿಲ್ಡಾ?" ಅರವತ್ತು ದಾಟಿದ ಗಂಡಸು ಹಾಗೆ ಕೇಳಿದರೆ ಏನು ಹೇಳುತ್ತೀ? ಟೋಪಿಯನ್ನು ಬಾಗಿಲ ಹಿಂದಿನ ಮೊಳೆಗೆ ಹಾಕಿದವನು ಮತ್ತೆ ಮುಟ್ಟಲಿಲ್ಲ. ಪಬ್ಬಿಗೆ ಹೋಗುವುದನ್ನು ಬಿಟ್ಟ.

ನಾನು ಯೋಚಿಸಿದೆ, ಲಿನೆಟ್. ಬಟ್ಟೆ ಇಸ್ತ್ರಿ ಮಾಡುತ್ತ ಯೋಚಿಸಿದೆ. ಎಲ್ಲರೂ ಅಕ್ರಾಯ್ಡರೇ ಆದ ಊರಿನಲ್ಲಿ ಆ ಹೆಸರು ಹಿಡಿದು ಯಾರನ್ನು ಕೂಗುವುದು? ಇಲ್ಲಿ ಕೂಗುವುದೆಲ್ಲ ಅಪ್ಪ, ಅಜ್ಜ, ಮುತ್ತಜ್ಜ ಹಿಡಿದು. ನಿನ್ನ ತಾತನಿಗೆ ಯಾರೂ ವಿಲ್ಫ್ರೆಡ್ ಅಕ್ರಾಯ್ಡ್ ಎಂದದ್ದೇ ಇಲ್ಲ. ಸ್ಯಾಲಿಯ ಜೋನಸ್‌ನ ಏಬೆಲ್‌ನ ಹರ್ಬರ್ಟ್‌ನ ವಿಲ್ಫ್ರೆಡ್, ಅಷ್ಟೂ ಹೇಳುತ್ತಿದ್ದರು. ಬೇರೆಯವರ ಸರಪಳಿಯ ತುದಿಗೆಲ್ಲ ಗಂಡಸರು, ನಮ್ಮದರ ತುದಿಗೆ ಸ್ಯಾಲಿ. ಮಗ್ಗದ ಸ್ಯಾಲಿ ಅಕ್ರಾಯ್ಡ್. ಚಿಕ್ಕಂದಿನಿಂದ ನಮ್ಮನ್ನು ಸ್ಯಾಲಿಯವರು ಎಂದು ಕರೆದದ್ದನ್ನು ಕೇಳಿದ್ದೇನೆ. ಯಾಕೆ ಹೆಂಗಸು ಎಂದು ಒಂದು ದಿನವೂ ಕೇಳಲಿಲ್ಲ ನೋಡು. ಅಪ್ಪ ಯಾರೆಂದು ಹೇಳದ ಮಗುವನ್ನು ಮಾತ್ರ ತಾಯಿಯ ಹೆಸರು ಹಿಡಿದು ಕೂಗುತ್ತಾರೆ. ಜೋನಸ್‌ನ ಅಪ್ಪ ಯಾರೋ ದಾರಿಹೋಕ. ಅವನ ರಕ್ತ ನಮ್ಮ ಗಂಡಸರಲ್ಲಿ ಇಳಿದು ಬಂತು. ಹೆಸರು ಮಾತ್ರ ಸ್ಯಾಲಿಯದು. ಆ ಓಕ್ ಬಯಲಿನ ಹೆಸರು ಅವಳ ಅಪ್ಪನಿಂದ ಅವಳಿಗೆ, ಅವಳಿಂದ ನಮಗೆ ಬಂದದ್ದು. ಯಾರ ಹತ್ತಿರ ಸಾಲ ತಂದದ್ದೂ ಅಲ್ಲ, ಕದ್ದದ್ದೂ ಅಲ್ಲ.

ಜೂನ್ ಸಭೆಯಲ್ಲಿ ಎದ್ದುನಿಂತು ಇದನ್ನೇ ಹೇಳಿದೆ. ಕ್ಲಿಫರ್ಡ್ ಬಂದಿರಲಿಲ್ಲ. ಡೆಸ್ಮಂಡ್ ತಾಳ್ಮೆಯಿಂದ ಕೇಳಿ, ಹಾಗೇ ಇರಬಹುದು ಎಂದು ಒಪ್ಪಿಯೂಬಿಟ್ಟ.

"ಆದ್ರೆ ಮಿಸ್ ಅಕ್ರಾಯ್ಡ್, ಹೆಸರು ಅಪ್ಪನಿಂದ ಮಗನಿಗೆ ಹೋಗೋದು. ನಿಮ್ಮ ಕಡೆ ಅದು ಅಲ್ಲೇ ತುಂಡಾಗಿದೆ. ಯಾರದೂ ತಪ್ಪಿಲ್ಲ" ಎಂದ.

ಹಿಂದಿನ ಬೆಂಚಿನಿಂದ ಮಾಂಸದಂಗಡಿಯ ನಾರ್ಮನ್ ಬಾಯಿ ಹಾಕಿದ. "ಅವರ ಮನೇಲಿ ಅದೇನು ಹೊಸದಾ ಬಿಡಿ."

ಯಾರನ್ನು ಚುಚ್ಚಿದ್ದೆಂದು ಎಲ್ಲರಿಗೂ ತಿಳಿಯಿತು. ಕೆಲವರು ನಕ್ಕರು. ನಾನು ಕುಳಿತುಕೊಳ್ಳಲಿಲ್ಲ.

"ಹೊಸದಲ್ಲ ನಾರ್ಮನ್, ಎರಡನೇ ಸಲ" ಎಂದೆ. "ನನ್ನ ಮಗಳ ಹುಟ್ಟನ್ನ ಬರೆಸೋಕೆ ಹೋದಾಗ ರಿಜಿಸ್ಟ್ರಾರು ಅಪ್ಪನ ಹೆಸರೇನು ಅಂದ. ಅಲ್ಲೊಂದು ಗೀಟು ಎಳೀರಿ, ನನ್ನ ಹೆಸರು ಸಾಕು ಅಂದೆ. ತುಂಡಾಗಿದ್ದು ಗಂಡಸರು ಕಣಯ್ಯಾ. ಹೆಸರನ್ನ ನಾವು ಬಿಟ್ಟಿಲ್ಲ."

ಸಭೆಯೇನೂ ನನ್ನ ಕಡೆ ತಿರುಗಲಿಲ್ಲ. ಮುದುಕಿ ನೆಲ್ಲಿಯೊಬ್ಬಳೇ ನನ್ನ ಮಾತಿಗೆ ಕೈಯೆತ್ತಿದಳು, ಉಳಿದವರೆಲ್ಲ ಡೆಸ್ಮಂಡ್ ಹೇಳಿದ್ದಕ್ಕೆ ಕೈಯೆತ್ತಿದರು. ನಾನು ಕೊಡೆ ಎತ್ತಿಕೊಂಡು ಮನೆಗೆ ಬಂದೆ. ನಿನ್ನ ವಿಷಯ ಬಂದದ್ದನ್ನು ಕ್ಲಿಫರ್ಡ್‌ಗೆ ಹೇಳಲಿಲ್ಲ. ಹೇಳಿದ್ದರೆ ನಾರ್ಮನ್‌ನ ಅಂಗಡಿಗೇ ಹೋಗಿ ಅವನನ್ನು ಕೊಕ್ಕೆಗೆ ನೇತುಹಾಕುತ್ತಿದ್ದ.

ಈಗ ಪಂದ್ಯದ ದಿನಕ್ಕೆ ಬರುತ್ತೇನೆ. ಅಕ್ರಾಯ್ಡ್ ಹನ್ನೊಂದು, ಉಳಿದವರ ಹನ್ನೊಂದು, ಎಂದಿನ ಹಾಗೆ. ನಾನೂ ಎಂದಿನ ಹಾಗೆ ಚಹಾದ ಡೇರೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದೆ. ಹೋಗಬೇಡ ಎಂದು ಕ್ಲಿಫರ್ಡ್ ಹೇಳಿದ್ದ. ನಾನು ಬರದಿದ್ದರೆ ಅವರು ಗೆದ್ದ ಹಾಗೆ ಎಂದು ಹೇಳಿ ಬಂದಿದ್ದೆ. ಡೆಸ್ಮಂಡ್‌ಗೆ ಹತ್ತೇ ಜನ ಸಿಕ್ಕಿದ್ದರು. ಹನ್ನೊಂದನೆಯವನು ಸ್ಪೇನಿಗೆ ರಜೆಗೆ ಹೋಗಿದ್ದ.

ಆಟಕ್ಕೆ ಮೊದಲು ಹೆಸರು ಕೂಗುವ ಕೆಲಸದ ವಾಲ್ಟರ್ ಮೈದಾನದ ಗೋಡೆ ಹತ್ತಿ ಒಬ್ಬೊಬ್ಬರನ್ನೇ ಅಪ್ಪ ಅಜ್ಜಂದಿರ ಸರಪಳಿ ಹಿಡಿದು ಕೂಗುವುದು, ಕೂಗಿಸಿಕೊಂಡವನು "ಇದ್ದೀನಿ" ಎಂದು ಒಳಗೆ ಬರುವುದು ನಿನಗೆ ನೆನಪಿರಬೇಕು. ಆ ವರ್ಷ ತೀರಿಕೊಂಡವನನ್ನೂ ಕೂಗುತ್ತಾರೆ. ಉತ್ತರ ಬರುವುದಿಲ್ಲ, ಎಲ್ಲರೂ ಟೋಪಿ ತೆಗೆಯುತ್ತಾರೆ. ವಾಲ್ಟರ್ ಹತ್ತು ಜನರನ್ನು ಕೂಗಿದ. ಕೊನೆಯ ಕೂಗು ಯಾವಾಗಲೂ ನಾಯಕನದು, ನಾಯಕ ಎಂದರೆ ಅವನ ನಾಲಿಗೆಗೆ ನಮ್ಮ ಮನೆ. ಅಭ್ಯಾಸಬಲದಿಂದ ಶುರು ಮಾಡಿಬಿಟ್ಟ: "ಸ್ಯಾಲಿಯ ಜೋನಸ್‌ನ ಏಬೆಲ್‌ನ ಹರ್ಬರ್ಟ್‌ನ ವಿಲ್ಫ್ರೆಡ್‌ನ..." ಅಷ್ಟರಲ್ಲಿ ತಪ್ಪು ಹೊಳೆದು ನಿಲ್ಲಿಸಿದ. ಕೂಗಿಗೆ ಉತ್ತರವಿಲ್ಲ. ಆಗ ಯಾರೋ ಒಬ್ಬ ಟೋಪಿ ತೆಗೆದ. ಅವನನ್ನು ನೋಡಿ ಇನ್ನೊಬ್ಬ ತೆಗೆದ.

ನನ್ನ ಅಣ್ಣ ಬದುಕಿದ್ದಾನೆ, ಲಿನೆಟ್. ರಸ್ತೆಯಾಚೆ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದಾನೆ. ಇವರು ಅವನಿಗೆ ಟೋಪಿ ತೆಗೆಯುತ್ತಿದ್ದಾರೆ.

ಬೆಣ್ಣೆಚಾಕು ಕೈಯಲ್ಲೇ ಇತ್ತು. ಡೇರೆಯಿಂದ ಹೊರಗೆ ಬಂದು, "ಹಿಲ್ಡಾ. ಇದ್ದೀನಿ" ಎಂದು ಕೂಗಿದೆ. ಏಪ್ರನ್ ಬಿಚ್ಚುತ್ತಲೇ ಹಗ್ಗ ದಾಟಿ ಒಳಗೆ ಹೋದೆ.

ಡೆಸ್ಮಂಡ್ ಓಡಿಬಂದ. ದಯವಿಟ್ಟು ತಮಾಷೆ ಬೇಡ, ಪರೀಕ್ಷೆಯಲ್ಲಿ ತಾಳೆಯಾದವರು ಮಾತ್ರ ಎಂದು ನಿರ್ಣಯವಾಗಿದೆ ಎಂದ.

"ಆ ಪರೀಕ್ಷೆ ಗಂಡಸರಿಗೆ ಮಾತ್ರ ನಡೆಯೋದು, ಹೆಂಗಸರ ಎಂಜಲಲ್ಲಿ ಅದಕ್ಕೆ ಏನೂ ಸಿಗಲ್ಲ ಅಂತ ನೀವೇ ಹೇಳಿದ್ರಿ" ಎಂದೆ. "ಹಂಗಿದ್ಮೇಲೆ ನಾನು ಫೇಲಾಗಿಲ್ಲ. ಹುಟ್ಟಿದ್ದು ಅಕ್ರಾಯ್ಡ್, ಇವತ್ತಿಗೂ ಅಕ್ರಾಯ್ಡ್. ಮಧ್ಯದಲ್ಲಿ ಯಾವ ಗಂಡನಿಗೂ ಬಿಟ್ಟುಕೊಟ್ಟಿಲ್ಲ. ಇಲ್ಲಿರೋ ಎಷ್ಟು ಜನರ ಹೆಂಡ್ತೀರು ಈ ಮಾತು ಹೇಳ್ತಾರೆ, ಕೇಳಿ."

ಮೊದಲು ನಕ್ಕದ್ದು ಎದುರಿನ ತಂಡ. ಅವರ ನಾಯಕ, ಆ ಅಮ್ಮ ಆಡಲಿ, ಇಲ್ಲದಿದ್ದರೆ ನಮಗೆ ಚಹಾ ಸಿಗುವುದಿಲ್ಲ ಎಂದ. ಡೆಸ್ಮಂಡ್ ಸುತ್ತ ನೋಡಿದ. ತೆಗೆದ ಟೋಪಿಗಳನ್ನು ಜನ ಒಂದೊಂದಾಗಿ ಮತ್ತೆ ತಲೆಗೆ ಹಾಕಿಕೊಳ್ಳುತ್ತಿದ್ದರು. ಅವನು ಪಕ್ಕಕ್ಕೆ ಸರಿದ.

ಕೊನೆಯಲ್ಲಿ ಬ್ಯಾಟು ಹಿಡಿದು ಹೋದೆ, ಸ್ಕರ್ಟಿನ ಮೇಲೆ ಪ್ಯಾಡು ಕಟ್ಟಿಕೊಂಡು. ಮೊದಲ ಚೆಂಡೇ ಬೆರಳಿಗೆ ಬಿತ್ತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಎರಡನೆಯದು ಬ್ಯಾಟಿನ ಯಾವ ಮೂಲೆಗೆ ತಗುಲಿತೋ, ಹಿಂದಕ್ಕೆ ಓಡಿತು; ನಾನು ಮುಂದಕ್ಕೆ ಓಡಿದೆ. ಒಂದು ರನ್. ಮರುಕ್ಷಣ ನನ್ನ ಜೊತೆ ಆಡುತ್ತಿದ್ದವನು ಔಟಾಗಿ ಆಟ ಮುಗಿಯಿತು. ಸೋತೆವು. ನನ್ನನ್ನು ಯಾರೂ ಔಟ್ ಮಾಡಲಿಲ್ಲ, ಅದನ್ನು ನಿನ್ನ ಮಕ್ಕಳಿಗೆ ತಪ್ಪದೆ ಹೇಳು.

ವಾಪಸು ಬರುವಾಗ ಗೋಡೆಯ ಹತ್ತಿರ ಕ್ಲಿಫರ್ಡ್ ನಿಂತಿದ್ದ. ನೆಲ್ಲಿ ಮನೆಗೆ ಹೋಗಿ ಕರೆತಂದಿದ್ದಳಂತೆ. ನನ್ನ ಬೆರಳು ನೋಡಿದ, ಮುಖ ನೋಡಿದ.

"ಬ್ಯಾಟು ಹಿಡಿಯೋದು ಹಂಗಲ್ಲ ಕಣೇ" ಎಂದ. ಆಮೇಲೆ ಅಲ್ಲೇ ಗೋಡೆಗೆ ಒರಗಿ ಅತ್ತ. ಸೋಮವಾರ ಆಸ್ಪತ್ರೆಯಿಂದ ಫೋನ್ ಬಂದಾಗ ಎತ್ತಿದವನು ಅವನು. "ಅಕ್ರಾಯ್ಡ್ ಮಾತಾಡ್ತಿರೋದು" ಎಂದ, ಮೊದಲಿನಷ್ಟೇ ಜೋರಾಗಿ.

ಕಲ್ಲು ಇನ್ನೂ ನಿಂತಿಲ್ಲ. ಮೊನ್ನೆ ಡೆಸ್ಮಂಡ್ ಬಂದು, ಸ್ಯಾಲಿಯ ಸಾಲನ್ನು ಕಲ್ಲಿನ ಹಿಂಬದಿಯಲ್ಲಿ ಹಾಕಬಹುದೇನೋ ಎಂದ. ಚಹಾ ಕೊಟ್ಟೆ, ತಿನ್ನಲು ಸೇಬಿನ ಪೈ ಕೊಟ್ಟೆ, ಹಾಕಿದರೆ ಮುಂದೆ, ಇಲ್ಲದಿದ್ದರೆ ಬೇಡ ಎಂದು ಹೇಳಿ ಕಳಿಸಿದೆ. ಮತ್ತೆ ಬರುತ್ತಾನೆ.

ಮಕ್ಕಳು ಚೆನ್ನಾಗಿ ಓದಲಿ. ಮಾಲ್ಕಮ್‌ನ ಬೆನ್ನುನೋವು ವಾಸಿಯಾಗಲಿ, ಅವನ ತಾಯಿಗೂ ನನ್ನ ನಮಸ್ಕಾರ ಹೇಳು. ನೀನು ಎಲ್ಲಿದ್ದರೂ ತಲೆಯೆತ್ತಿ ಬದುಕು, ದೇವರು ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಹಿಲ್ಡಾ ಅಕ್ರಾಯ್ಡ್

ಮರೆತಿದ್ದೆ ಎನ್ನಲಾರೆ, ಬೇಕೆಂದೇ ಕೊನೆಗಿಟ್ಟೆ. ಕಾಗದದ ಕೆಳಗಿನ ಸಹಿ ನೋಡಿದೆಯಲ್ಲ? ನಿನ್ನ ಮದುವೆಯ ದಿನ ಅಡಿಲೇಡಿನ ಚರ್ಚಿನ ಬಾಗಿಲಲ್ಲಿ, ನೀನು ನಿನ್ನ ಪಾದ್ರಿ ಮಾವನಿಗೆ ನನ್ನನ್ನು "ನಮ್ಮ ಸೋದರತ್ತೆ" ಎಂದು ಪರಿಚಯಿಸಿದೆ. ಅಪ್ಪ ಅಮ್ಮ ಇಬ್ಬರೂ ಚಿಕ್ಕಂದಿನಲ್ಲೇ ಹೋದರು, ಅಪ್ಪನ ತಂಗಿ ಸಾಕಿದಳು ಎಂದು ಅವರಿಗೆ ನೀನು ಮೊದಲೇ ಹೇಳಿಬಿಟ್ಟಿದ್ದೆ. ನಾನು ಫೋಟೋದಲ್ಲಿ ಅತ್ತೆಯ ಜಾಗದಲ್ಲಿ ನಿಂತೆ. ನೀನು ಕೇಳಿಕೊಂಡ ಹಾಗೆ ಅಂದಿನಿಂದ ಪ್ರತಿ ಕಾಗದಕ್ಕೂ ಅತ್ತೆ ಎಂದೇ ಸಹಿ ಹಾಕಿದೆ. ನಿನ್ನ ಮಕ್ಕಳು ಫೋನಿನಲ್ಲಿ ನನ್ನನ್ನು ಹಿಲ್ಡಾ ಅತ್ತೆ ಎನ್ನುತ್ತಾರೆ.

ನನ್ನನ್ನು ಸಾಯಿಸಿದ್ದನ್ನು ತಡೆದುಕೊಂಡೆ, ಲಿನೆಟ್. ನಿನಗೆ ಕೊಡಲು ನನ್ನ ಹತ್ತಿರ ಇದ್ದದ್ದು ಆ ಒಂದು ಹೆಸರು. ಅದನ್ನು ನೀನು, ಎಂದೂ ಹುಟ್ಟೇ ಇಲ್ಲದ, ಕಥೆ ಕಟ್ಟಿ ಮಾಡಿದ ಒಬ್ಬ ಅಪ್ಪನಿಗೆ ಕೊಟ್ಟೆ. ಅದನ್ನು ತಡೆದುಕೊಳ್ಳಲು ನನ್ನಿಂದ ಇವತ್ತಿಗೂ ಆಗಿಲ್ಲ.

ಇಡೀ ಊರಿನ ಮುಂದೆ ಒಂದು ಸಲ ಇದ್ದೀನಿ ಎಂದು ಹೇಳಿದ ಮೇಲೆ ಮತ್ತೆ ಅತ್ತೆಯಾಗಿ ಕೂರಲಾರೆ. ಲಕೋಟೆಯ ಹಿಂದೆ, ಕಳುಹಿಸಿದವರ ಜಾಗದಲ್ಲಿ, ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ಹಿಲ್ಡಾ ಅಕ್ರಾಯ್ಡ್, ಲಿನೆಟ್‌ಳ ತಾಯಿ. ಗೇಟಿನ ಡಬ್ಬಿಯಿಂದ ಕಾಗದ ತರುವುದು ಮಾಲ್ಕಮ್‌ನ ತಾಯಿ ಎಂದು ನೀನೇ ಬರೆದಿದ್ದೆ. ನೀನು ಇದನ್ನು ಓದುವ ಹೊತ್ತಿಗೆ ಅವರು ಅದನ್ನು ಓದಿರುತ್ತಾರೆ.