ಹೊಸ ಕಾರಿನ ಹಳೆಯ ಸದ್ದು

ರೀ,

ನಿಮ್ಮ ಡೀಸೆಲ್ ಕಾರನ್ನು ಮಗ ಗುಜರಿಗೆ ಹಾಕಿ, ಕರೆಂಟಿನ ಕಾರು ತಂದಿದ್ದಾನೆ. ಬೀದಿಯಲ್ಲಿ ಈಗ ಎಲ್ಲರ ಮನೆಯಲ್ಲೂ ಅವೇ. ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದು ನಿಲ್ಲುತ್ತವೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಇವತ್ತು ಸಂಜೆ ಗೇಟಿನ ಬಳಿ ನಿಮ್ಮ ಕಾರಿನದೇ ಗುಡುಗುಡು ಕೇಳಿಸಿತು. ನೀವು ತೀರಿಕೊಂಡದ್ದು ನೆನಪಾಗುವ ಮೊದಲೇ ನಾನು ಓಡಿಹೋಗಿ ಬಾಗಿಲು ತೆರೆದಿದ್ದೆ.

ಮಗ ಹೊಸ ಕಾರಿನಲ್ಲಿ ಹಲ್ಲು ಕಿರಿಯುತ್ತ ಕೂತಿದ್ದ.

"ಗುಜರಿಗೆ ಹಾಕೋ ಮುಂಚೆ ರೆಕಾರ್ಡ್ ಮಾಡಿಟ್ಟಿದ್ದೆ ಕಣಮ್ಮ, ಸ್ಪೀಕರ್‌ನಲ್ಲಿ ಹಾಕಿದೀನಿ. ಅಪ್ಪ ಇದ್ದಾಗ ನೀನು ಒಂದಿನಾನೂ ಹೀಗೆ ಎದ್ದು ಬರ್ತಿರ್ಲಿಲ್ಲ."

ಸತ್ತವರ ದನಿಯಲ್ಲಿ ಕೂಗುವ ಆ ಡಬ್ಬಿಯನ್ನು ಕಂಡು ನನಗೆ ಹೇಸಿಗೆಯಾಯಿತು.

"ನಿಮ್ಮಪ್ಪನ್ನ ಅಣಕಿಸ್ತೀಯೇನೋ? ಅಳಿಸಿ ಹಾಕು ಅದನ್ನ" ಎಂದೆ.

ತಕ್ಷಣ ಅಳಿಸಿದ. ನಿಮ್ಮ ಗುಡುಗುಡು ಇನ್ನು ಎಲ್ಲೂ ಇಲ್ಲ. ನಾನು ಹೇಳಿದ್ದನ್ನು ಅವನು ಒಂದೇ ಸಲಕ್ಕೆ ಕೇಳಿದ್ದು, ಹುಟ್ಟಿದ ಮೇಲೆ ಇದೇ ಮೊದಲು.