ಕೊನೆಯ ಗುಡಿಸಲಿನ ನೀರು

ಜುಲೈ 20, ಶನಿವಾರ

ನೀರು ಹಾಕಿ ಬಂದೆ. ಬೆಟ್ಟದ ದಾರಿಯಲ್ಲಿ ಸೈಕಲ್ ಸವಾರರು ತಂಗುವ ನಾಲ್ಕು ಗುಡಿಸಲು, ನಾಲ್ಕು ಪೀಪಾಯಿ. ಮೇಲಿನ ಗುಡಿಸಲ ಹಿಂದೆ ಇನ್ನೂ ಹಿಮ ಕರಗಿಲ್ಲ, ಸ್ವೆಟರ್ ಹಾಕಿಕೊಂಡೇ ಪೈಪ್ ಹಿಡಿದೆ. ಕೊನೆಯ ಗುಡಿಸಲಿಗೆ ಇಳಿಯುವ ಹೊತ್ತಿಗೆ ಪಿಕಪ್ಪಿನ ಸ್ಟೀರಿಂಗ್ ಮುಟ್ಟುವಂತಿಲ್ಲ, ಬಟ್ಟೆ ಸುತ್ತಿ ಹಿಡಿಯಬೇಕು. ಈ ಸೈಕಲ್ಲಿನವರು ಒಂದೇ ದಿನದಲ್ಲಿ ಅಲ್ಲಿಂದ ಇಲ್ಲಿಗೆ ಇಳಿಯುತ್ತಾರೆ. ಬೆಳಿಗ್ಗೆ ನಡುಗುತ್ತಾರೆ, ಮಧ್ಯಾಹ್ನ ಬೇಯುತ್ತಾರೆ. ಇದಕ್ಕೆ ರಜೆ ಅಂತ ಹೆಸರು.

ಓರ್ಲನ್ ಬೆನ್ನು ಹಿಡಿದು ಮಲಗಿದ ಮೇಲೆ ಗಂಡನ ಕೆಲಸ ನನ್ನ ಕೆಲಸ.

ಕೊನೆಯ ಗುಡಿಸಲಲ್ಲಿ ತಂಗಿ ಇದ್ದಳು. ಊರಿನಿಂದ ಬಂದವರನ್ನು ಸೈಕಲ್ ಮೇಲೆ ಕರೆದುಕೊಂಡು ಹೋಗುವುದೇ ಅವಳ ಬದುಕು. ಜೊತೆಗೆ ಆ ಕಿಪ್.

"ಏನಕ್ಕಾ, ಇನ್ನೂ ಈ ಉದ್ದ ಲಂಗದಲ್ಲೇ ನೀರು ಹೊರ್ತೀಯಾ? ಒಂದಿನ ಎಲ್ಲಾದ್ರೂ ಸಿಕ್ಕಾಕ್ಕೊಂಡು ಬೀಳ್ತೀಯ."

"ನಿನ್ನ ಹಾಗೆ ತೊಡೆ ಬಿಟ್ಕೊಂಡು ಓಡಾಡೋಕೆ ನಂಗೆ ನಾಚಿಕೆ ಅನ್ನೋದಿದೆ ಕಣೇ ಥೆಲ್ಡಾ."

ಕಿಪ್ ನಗುತ್ತ, "ಬಿಡಿ ಅತ್ತಿಗೆ, ಬಿಸಿಲಿಗೆ ಇಬ್ಬರೂ ಒಂದೇ" ಎಂದ. ಒಂಬತ್ತು ವರ್ಷ ಒಟ್ಟಿಗಿದ್ದಾರೆ. ಉಂಗುರ ಹಾಕದವನಿಗೆ ನಾನ್ಯಾವ ಅತ್ತಿಗೆ?

ಅವಳು ಚರ್ಚಿನ ಸಭೆಯ ಪಟ್ಟಿಯಿಂದ ತನ್ನ ಹೆಸರು ತೆಗೆಸಿ ಹದಿನಾಲ್ಕು ವರ್ಷ. ಒಂದು ದಿನವೂ ತಪ್ಪದೆ ಮಂಡಿಯೂರಿ ಬೇಡಿದ್ದೇನೆ. ಅವಳನ್ನು ತಿರುಗಿಸಿ ತಾ, ಯಾವ ದಾರಿಯಲ್ಲಾದರೂ ತಾ.

ಜುಲೈ 24

ನಮ್ಮ ಹಿರಿಯರು ಇಲ್ಲಿಗೆ ಬಂದು ನೆಲೆಸಿದ ದಿನ. ಮೆರವಣಿಗೆ. ನಾವು ಹೆಂಗಸರು ಕೈಗಾಡಿ ತಳ್ಳಿಕೊಂಡು ಹೊರಟೆವು, ಮುತ್ತಜ್ಜಿಯರು ಈ ಮರುಭೂಮಿ ದಾಟಿ ಬಂದ ಹಾಗೆ. ಥೆಲ್ಡಾ ಪಕ್ಕದಲ್ಲೇ ಸೈಕಲ್ ಬಿಟ್ಟುಕೊಂಡು ಬಂದಳು.

"ಅಜ್ಜಿ ಗಾಡಿ ತಳ್ಳಿದ್ಲು, ನಾನು ಪೆಡಲ್ ತುಳೀತೀನಿ. ಚಕ್ರ ಚಕ್ರವೇ ಅಲ್ವಾ? ನಮ್ಮಕ್ಕ ಮಾತ್ರ ಭಾನುವಾರ ಸ್ವರ್ಗಕ್ಕೆ ಕರೆದ್ರೂ ಸೋಮವಾರ ಬರ್ತೀನಿ ಅಂತಾಳೆ!"

ಬೀದಿಯೆಲ್ಲ ನಕ್ಕಿತು. ಬಿಷಪ್ ಲೇಟನ್ ಕೂಡ. ನಾನು ಗಾಡಿ ತಳ್ಳುತ್ತಲೇ ಇದ್ದೆ.

ಆಗಸ್ಟ್ 3, ಶನಿವಾರ. ಸಂಜೆ

ಕೊನೆಯ ಗುಡಿಸಲ ನಲ್ಲಿ ಕೆಟ್ಟಿದೆ. ಪೀಪಾಯಿ ತುಂಬಿಸಿ ಬಿಗಿಯಾಗಿ ತಿರುಗಿಸಿದೆ, ನಿಲ್ಲಲಿಲ್ಲ. ಮೊದಲು ಹನಿ. ಹೊರಡುವ ಹೊತ್ತಿಗೆ ಕಡ್ಡಿಯಷ್ಟು ಸಣ್ಣ ಧಾರೆ. ವಾಷರ್ ಹೋಗಿದೆ. ಹೊಸದು ಮನೆಯಲ್ಲಿದೆ, ಪಿಕಪ್ಪಿನಲ್ಲಿಲ್ಲ. ಹಿಟ್ಟು ಕಲಸಿಟ್ಟು ಬಂದಿದ್ದೆ, ಭಾನುವಾರಕ್ಕೆ ಮುಂಚೆ ಮುಗಿಸಬೇಕಿತ್ತು. ವಾಷರ್ ಸೋಮವಾರ ಹಾಕಿದರಾಯಿತು.

ವಾಪಸ್ ಬರುವಾಗ ಎದುರಿಗೆ ಕಿಪ್. ನಾಳೆಯ ಗುಂಪಿನ ಊಟದ ಪೆಟ್ಟಿಗೆ ಇಡಲು ಗುಡಿಸಲಿಗೆ ಹೊರಟಿದ್ದ. ಅವನು ತಲುಪುವ ಹೊತ್ತಿಗೆ ಕತ್ತಲು, ಸೋರುವುದು ಕಾಣಲಾರದು. ಕೈ ಬೀಸಿದ. ನಾನು ಬೀಸಲಿಲ್ಲ. ನಲ್ಲಿಯ ವಿಷಯವನ್ನೂ ಹೇಳಲಿಲ್ಲ.

ಆಗಸ್ಟ್ 4, ಉಪವಾಸದ ಭಾನುವಾರ. ಹನ್ನೊಂದೂವರೆ

ಸಭೆ ಮುಗಿಸಿ ಬಂದೆ. ನಿನ್ನೆ ಸಂಜೆಯಿಂದ ಅನ್ನವಿಲ್ಲ, ನೀರಿಲ್ಲ. ಉಪವಾಸವನ್ನು ಥೆಲ್ಡಾಳ ಹೆಸರಿಗೆ ಹಿಡಿದಿದ್ದೇನೆ.

ಬಾಗಿಲು ತೆಗೆಯುವಷ್ಟರಲ್ಲಿ ಫೋನ್. ಅವಳೇ. ಕಣಿವೆಯ ನೆತ್ತಿಯಿಂದ, ಫೋನ್ ಸಿಗುವ ಕೊನೆಯ ಜಾಗ.

"ಅಕ್ಕಾ, ಕೆಳಗಿನ ಪೀಪಾಯಲ್ಲಿ ನೀರಿದೆ ತಾನೆ? ಇಲ್ಲಾಂದ್ರೆ ನಾನೂ ಕಿಪ್ಪೂ ಇಲ್ಲೇ ತೊರೇಲಿ ಇನ್ನಷ್ಟು ತುಂಬ್ಕೋತೀವಿ. ಭಾರ ಅಂತ ಈ ಆರು ಜನ ಗೊಣಗ್ತಿದಾರೆ."

"ನಿನ್ನೆ ತುಂಬಿಸಿದೀನಿ. ಇವತ್ತು ಭಾನುವಾರ. ಕೆಲಸದ ಮಾತು ನನ್ನ ಹತ್ರ ಆಡಬೇಡ."

"ಸರಿ ಮಹಾತಾಯಿ! ನಮಗೂ ಒಂದ್ಸಲ ಬೇಡ್ಕೋ."

ಓರ್ಲನ್ ಮಲಗಿದಲ್ಲಿಂದಲೇ ಕೇಳಿಸಿಕೊಂಡ. ನಲ್ಲಿ ಸೋರುವುದು ಅವನಿಗೆ ನಿನ್ನೆಯೇ ಹೇಳಿದ್ದೆ.

"ಒಂದ್ಸಲ ಹೋಗಿ ನೋಡ್ಕೊಂಡು ಬಾರೇ. ನಲವತ್ತು ನಿಮಿಷದ ದಾರಿ. ಎತ್ತು ಗುಂಡಿಗೆ ಬಿದ್ರೆ ಭಾನುವಾರಾನೂ ಎತ್ತಬಹುದು ಅಂತ ಬೈಬಲ್ಲಲ್ಲಿ ಸ್ವಾಮಿನೇ ಹೇಳಿಲ್ವಾ?"

"ಅವಳು ಎತ್ತಲ್ಲ, ಕತ್ತೆ" ಎಂದೆ.

ಅರ್ಧ ಪೀಪಾಯಿಯಾದರೂ ಇದ್ದೀತು. ಇಲ್ಲದಿದ್ದರೂ ಒಂದು ಗಂಟೆ ನಾಲಿಗೆ ಒಣಗಲಿ. ನಾನೂ ಒಂದು ಹನಿ ಮುಟ್ಟಿಲ್ಲ. ಬಾಯಾರಿದಾಗ ದೇವರು ನೆನಪಾಗುತ್ತಾನೆ… ಅವಳಿಗೂ ಆಗಲಿ.

ಅದೇ ದಿನ. ಸಂಜೆ ಏಳು

ಐದಕ್ಕೆ ಉಪವಾಸ ಬಿಟ್ಟೆ. ತಣ್ಣನೆ ಹಾಲು, ಬ್ರೆಡ್ಡು, ಆಲೂಗಡ್ಡೆ. ಚೆನ್ನಾಗಿತ್ತು.

ಈಗ ಆಸ್ಪತ್ರೆಯಿಂದ ಫೋನ್ ಬಂತು. ಪೀಪಾಯಿ ಒಣಗಿತ್ತಂತೆ. ಬಿಸಿಲು ನೂರ ಎಂಟು ಡಿಗ್ರಿ ಫ್ಯಾರನ್‌ಹೀಟ್. ಎರಡು ಗಂಟೆಗೆ ತಲುಪಿದ್ದಾರೆ. ಕಿಪ್ ತನ್ನ ಬಾಟಲಿಯಲ್ಲಿ ಉಳಿದದ್ದನ್ನು ಆ ಆರು ಜನಕ್ಕೆ ಬಿಟ್ಟು ಡಾಂಬರು ರಸ್ತೆಯ ಕಡೆ ಸೈಕಲ್ ಹೊಡೆದಿದ್ದಾನೆ, ಹದಿನೆಂಟು ಮೈಲಿ. ನಾಲ್ಕು ಮೈಲಿ ಉಳಿದಿತ್ತು. ಸೈಕಲ್ಲನ್ನು ಜೂನಿಪರ್ ಗಿಡಕ್ಕೆ ಒರಗಿಸಿ ನಿಲ್ಲಿಸಿ, ಪಕ್ಕದಲ್ಲಿ ಕೂತಿದ್ದಾನೆ.

ಕೂತೇ ಇದ್ದಾನೆ.

ಅವನನ್ನು ಕಂಡ ಜೀಪಿನವರು ಗುಡಿಸಲಿಗೆ ಹೋದರಂತೆ, ಉಳಿದವರು ಆಸ್ಪತ್ರೆಯಲ್ಲಿ. ಥೆಲ್ಡಾ ಬದುಕಿದ್ದಾಳೆ.

ಆಗಸ್ಟ್ 6

ಷೆರಿಫ್‌ನ ಮನುಷ್ಯನ ಜೊತೆ ಗುಡಿಸಲಿಗೆ ಹೋದೆ. ಬಾಯಾರಿದವರು ನಲ್ಲಿಯನ್ನು ಎಷ್ಟು ಸಲ ತಿರುಗಿಸಿದ್ದರೋ, ತೆರೆದಿತ್ತೋ ಮುಚ್ಚಿತ್ತೋ ಹೇಳುವವರಿಲ್ಲ.

"ಶನಿವಾರ ನೀವು ತುಂಬಿಸಿದ್ರಾ?"

"ತುಂಬಿಸಿದೆ."

"ಆಮೇಲೆ ಯಾರಾದ್ರೂ ಬಂದ್ರಾ?"

"ಕಿಪ್ ಬರ್ತಿದ್ದ. ದಾರೀಲಿ ನೋಡಿದೆ."

ಬರೆದುಕೊಂಡ. ಟೋಪಿ ತೆಗೆದು ತಲೆ ಒರೆಸಿಕೊಂಡ. "ಪಾಪ, ಕೈ ತೊಳೆದು ನಲ್ಲಿ ಬಿಟ್ಟು ಹೋಗಿರಬೇಕು" ಎಂದ. ಆ ಮಾತು ಅವನದು. ನನ್ನದಲ್ಲ. ನಾನು ಒಂದು ಸುಳ್ಳನ್ನೂ ಹೇಳಿಲ್ಲ.

ಅವನು ಹೋದ ಮೇಲೆ ಹೊಸ ವಾಷರ್ ಹಾಕಿದೆ. ಪೀಪಾಯಿ ತುಂಬಿಸಿದೆ. ಹಳೆಯದನ್ನು ಮನೆಗೆ ತಂದು ಒಲೆಗೆ ಹಾಕಿದೆ. ರಬ್ಬರ್ ವಾಸನೆಗೆ ಓರ್ಲನ್ ತಲೆ ಎತ್ತಿ ನೋಡಿದ.

"ನಾನು ಯಾರಿಗೂ ಹೇಳಲ್ಲ ನೆಡ್ರಾ. ನೀನೇ ಹೇಳ್ತೀಯ ಅಂತ ಕಾಯ್ತೀನಿ."

ಆಗಸ್ಟ್ 15

ಥೆಲ್ಡಾ ನಮ್ಮ ಮನೆಗೆ ಬಂದಿದ್ದಾಳೆ. ತಾನೇ ಬಂದಳು. ತುಟಿಗಳು ಇನ್ನೂ ಒಡೆದಿವೆ. ನನ್ನ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದಳು, ಅಮ್ಮ ಹೋದಾಗ ಮಲಗಿದ ಹಾಗೆ.

"ಸತ್ತೋನ ಮೇಲೆ ಸಿಟ್ಟು ಬರ್ತಿದೆ ಅಕ್ಕಾ. ಒಂದು ನಲ್ಲಿ ಮುಚ್ಚೋಕಾಗಲಿಲ್ವಾ ಅವನಿಗೆ?"

ತಲೆ ಸವರಿದೆ. "ಕ್ಷಮಿಸಿಬಿಡೇ ಅವನನ್ನ" ಎಂದೆ.

ನನ್ನ ಬಾಯಿಂದಲೇ ಬಂತು.

ಸೆಪ್ಟೆಂಬರ್ 1, ಉಪವಾಸದ ಭಾನುವಾರ

ಹಿಂದಿನ ಬೆಂಚಿನಲ್ಲಿ ಥೆಲ್ಡಾ. ನನ್ನದೇ ಉದ್ದ ಲಂಗ ಉಟ್ಟಿದ್ದಳು, ಸೊಂಟಕ್ಕೆ ಪಿನ್ನು ಹಾಕಿ. ಜನ ತಿರುಗಿ ತಿರುಗಿ ನೋಡಿದರು. ಮನಸ್ಸಿನಲ್ಲಿದ್ದದ್ದನ್ನು ಎದ್ದು ನಿಂತು ಹೇಳುವ ದಿನ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಾನು ಏಳಲಿಲ್ಲ.

ಅಕ್ಟೋಬರ್ 11

ಕಿಪ್‌ನ ತಾಯಿ ಬಂದಿದ್ದರು. ಎಪ್ಪತ್ತು ದಾಟಿದೆ, ಕೋಲು. ಮಗ ಕಡೆಯದಾಗಿ ತುಳಿದ ದಾರಿ ನೋಡಬೇಕಂತೆ. ಪಿಕಪ್ಪಿನಲ್ಲಿ ಅವರನ್ನೂ ಥೆಲ್ಡಾಳನ್ನೂ ಕೂರಿಸಿಕೊಂಡು ಹೋದೆ. ಆಸ್ಪೆನ್ ಮರಗಳ ಎಲೆ ಹಳದಿ. ಮೇಲಿನಿಂದ ಕೆಳಗಿನ ಕೆಂಪು ಬಂಡೆಗಳೆಲ್ಲ ಕಾಣುತ್ತಿದ್ದವು. "ಇಷ್ಟು ಚೆಂದ ಇದೆಯಾ?" ಎಂದು ಕೇಳಿ ಅತ್ತರು.

ಗುಡಿಸಲ ಮುಂದೆ ನಲ್ಲಿ ಮುಟ್ಟಿದರು. ತೆರೆದರು, ಮುಚ್ಚಿದರು. ಒಂದು ಹನಿ ಬೀಳಲಿಲ್ಲ.

"ನನ್ನ ಮಗ ಅಷ್ಟು ಮೈಮರೆಯೋನಲ್ಲಮ್ಮ. ನಲ್ಲೀನೇ ಸರಿ ಇರಲಿಲ್ವೋ ಏನೋ… ನೋಡ್ಕೊಳ್ಳೋರು ಯಾರು ಇದನ್ನ?"

ಥೆಲ್ಡಾ ಕಿಡಿಕಿಡಿಯಾದಳು. "ನಮ್ಮಕ್ಕನ ಮೇಲೆ ಹಾಕ್ಬೇಡಿ! ಭಾನುವಾರ ಕಡ್ಡಿ ಅಲ್ಲಾಡಿಸೋಳಲ್ಲ, ಆದ್ರೆ ಶನಿವಾರದ ಕೆಲಸ ಒಂದಿನ ತಪ್ಪಿಸಿಲ್ಲ. ನಿಮ್ಮ ಮಗನೇ ಬಿಟ್ಟಿದ್ದು. ಆರು ಜನ ಸಾಯೋರು ಅವನಿಂದ! ಬೆಳೆಸೋವಾಗ ಕಲಿಸಬೇಕಿತ್ತು ನೀವು."

ಮುದುಕಿಯ ಕೈಯಿಂದ ಕೋಲು ಬಿತ್ತು. ನಾನು ಬಗ್ಗಿ ಎತ್ತಿಕೊಟ್ಟೆ. ಅಷ್ಟೇ ಮಾಡಿದೆ.

"ಕಲಿಸಿದ್ದೆನಮ್ಮ" ಎಂದರು, ದಾರಿಯಲ್ಲಿ ಅರ್ಧ ಗಂಟೆಯಾದ ಮೇಲೆ.

ಜನವರಿ 18

ಥೆಲ್ಡಾ ಸೈಕಲ್ಲುಗಳನ್ನೆಲ್ಲ ಕೊಟ್ಟುಬಿಟ್ಟಳು. ಕೊನೆಯದನ್ನು ಹೊರಗೆ ಒಯ್ಯುವಾಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂವತ್ತು ವರ್ಷ ಅದೇ ಅವಳ ಕಾಲು. ಈಗ ನನ್ನ ಜೊತೆ ಕೌದಿ ಹೊಲಿಯುತ್ತಾಳೆ. ಹೊಲಿಗೆ ಬರುವುದಿಲ್ಲ. ನಗುವುದೂ ಇಲ್ಲ.

ಇದನ್ನೇ ಬೇಡಿದ್ದೆ.

ಓರ್ಲನ್ ನನ್ನ ಮುಖ ನೋಡಿ ಊಟ ಮಾಡಿ ಎಷ್ಟು ತಿಂಗಳಾಯಿತೋ.

ಮಾರ್ಚ್ 12

ಗಟ್ಟಿ ಮನಸ್ಸು ಮಾಡಿ ಬಿಷಪ್ಪರ ಕೋಣೆಗೆ ಹೋದೆ. ಹೇಳಿಬಿಡುವುದೆಂದೇ. ಕೂರುವ ಮೊದಲೇ ನನ್ನ ಎರಡೂ ಕೈ ಹಿಡಿದುಕೊಂಡರು.

"ಸಿಸ್ಟರ್ ಟಾಲ್ಮನ್! ಥೆಲ್ಡಾ ಮತ್ತೆ ದೀಕ್ಷಾಸ್ನಾನ ಬೇಕು ಅಂದಿದಾರೆ. 'ನಮ್ಮಕ್ಕನ್ನ ನೋಡಿ ನಂಬಿಕೆ ಬಂತು' ಅಂದ್ರು. ಹದಿನಾಲ್ಕು ವರ್ಷ ಬೇಡಿದ್ರಲ್ಲ, ಕೇಳಿಸಿಕೊಂಡ ನೋಡಿ ಅವನು. ಅಂದ ಹಾಗೆ, ಏನೋ ಹೇಳಬೇಕು ಅಂದ್ರಂತೆ?"

"ಬಿಳಿ ಬಟ್ಟೆ ನಾನೇ ಹೊಲೀತೀನಿ ಅಂತ" ಎಂದೆ.

ಮೇ 17, ಶನಿವಾರ

ಆಯಿತು.

ಸಾಕ್ಷಿಗೆ ನನ್ನನ್ನೇ ಕರೆದಳು. ನೀರಿನ ತೊಟ್ಟಿಯ ಅಂಚಿಗೆ ಇಬ್ಬರು ಸಾಕ್ಷಿಗಳು. ಮೈಯೆಲ್ಲ ಮುಳುಗಿತೋ ಇಲ್ಲವೋ ನೋಡಿ ಹೇಳಬೇಕು, ಕೂದಲೆಳೆ ಮೇಲಿದ್ದರೂ ಲೆಕ್ಕವಿಲ್ಲ. ಮೊದಲ ಸಲ ಬಲಗಾಲಿನ ಬೆರಳು ಮೇಲೆ ಬಂತು. ಇನ್ನೊಬ್ಬ ಸಾಕ್ಷಿ ತಲೆಯಾಡಿಸಿಬಿಟ್ಟಿದ್ದರು. ನಾನು "ಇಲ್ಲ, ಕಾಲು ಮುಳುಗಲಿಲ್ಲ" ಎಂದೆ. ಮತ್ತೆ ಮುಳುಗಿಸಿದರು.

ಕೆಮ್ಮುತ್ತ ಮೆಟ್ಟಿಲು ಹತ್ತಿ ಬಂದು ಒದ್ದೆ ಮೈಯಲ್ಲೇ ತಬ್ಬಿಕೊಂಡಳು. "ಅದಕ್ಕೇ ನಿನ್ನ ಕರೆದಿದ್ದು ಅಕ್ಕಾ. ನೀನು ಕಂಡದ್ದನ್ನ ಮುಚ್ಚಿಡೋಳಲ್ಲ." ಹತ್ತು ತಿಂಗಳಲ್ಲಿ ಮೊದಲ ಸಲ ನಕ್ಕಳು.

ಊಟವಾದ ಮೇಲೆ ಹೊಸ ಹಟ. ಕಿಪ್‌ನ ಹೆಸರಿಗೂ ದೀಕ್ಷಾಸ್ನಾನ ಮಾಡಿಸಬೇಕು, ಸತ್ತವರ ಬದಲಿಗೆ ಬದುಕಿರುವವರನ್ನು ನಮ್ಮಲ್ಲಿ ಮುಳುಗಿಸುತ್ತೇವಲ್ಲ, ಹಾಗೆ. ಆಮೇಲೆ ಅವನೊಡನೆ ಮದುವೆ, ಪರಲೋಕಕ್ಕೂ ಸಲ್ಲುವಂಥದ್ದು. ಅದಕ್ಕೆ ಹೆತ್ತವಳ ಒಪ್ಪಿಗೆ ಬೇಕು.

"ನಾನು ಅವರನ್ನ ಅಷ್ಟು ಅಂದ್ಬಿಟ್ಟಿದೀನಿ, ನನ್ನ ಕಾಗದ ಒಡೆಯಲ್ಲ. ನೀನು ಬರಿ ಅಕ್ಕಾ. ಆ ಶನಿವಾರ ಅಲ್ಲಿಗೆ ಹೋದೋರಲ್ಲಿ ಈಗ ಉಳಿದಿರೋಳು ನೀನೊಬ್ಳೇ. ನಡೆದದ್ದನ್ನ ನಡೆದ ಹಾಗೆ ಬರಿ. ನಿನ್ನ ಮಾತು ನಂಬ್ತಾರೆ."

ಕಾಗದ, ಕವರು, ವಿಳಾಸ ಎಲ್ಲ ಮೇಜಿನ ಮೇಲಿಟ್ಟು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ. ಹಾಡಿಕೊಳ್ಳುತ್ತಿದ್ದಾಳೆ. ಓರ್ಲನ್ ಕುರ್ಚಿಯನ್ನು ನನ್ನೆದುರಿಗೆ ಎಳೆದುಕೊಂಡು ಕೂತಿದ್ದಾನೆ. ಮುಖ ನೋಡುತ್ತಿದ್ದಾನೆ.

ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಕಾಗದಕ್ಕೆ ಇಳಿಸುತ್ತೇನೆ.

ಅಮ್ಮನವರಿಗೆ ನೆಡ್ರಾ ಮಾಡುವ ವಂದನೆಗಳು. ಆ ಶನಿವಾರ ಸಂಜೆ ನಿಮ್ಮ ಮಗ ನಲ್ಲಿಯನ್ನು